ಹಸುವಿನ ಆಂಟಿಬಯೋಟಿಕ್‌ಗೆ ಹಳೇ ಚೀಟಿ ಯಾಕೆ ನಡೆಯಲ್ಲ?

ಪ್ರಶ್ನೆ: ಡಾಕ್ಟ್ರೇ, ನಾವು ಮಂಡ್ಯ ಜಿಲ್ಲೆಯವರು. ನಾಲ್ಕು ಎಚ್‌ಎಫ್ ಕ್ರಾಸ್ ಹಸು ಇವೆ, ಡೇರಿಗೆ ಹಾಲು ಹಾಕುತ್ತೇವೆ. ಎರಡು ತಿಂಗಳ ಹಿಂದೆ ಒಂದು ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟ್ರು ಬರೆದುಕೊಟ್ಟ ಇಂಜೆಕ್ಷನ್, ತೊಟ್ಟಿನೊಳಗೆ ಬಿಡುವ ಔಷಧಿಯ ಟ್ಯೂಬ್ ಹಾಕಿದ ಮೇಲೆ ವಾಸಿಯಾಯಿತು. ಈಗ ಅದೇ ಹಸುವಿಗೆ ಬೇರೆ ತೊಟ್ಟಿನಲ್ಲಿ ಮತ್ತೆ ಬಂದಿದೆ. ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಸ್ಟೋರ್‌ನವರು ಹೊಸ ಚೀಟಿ ತನ್ನಿ ಅಂದರು. ಊರಲ್ಲಿ ಇಂಜೆಕ್ಷನ್ ಹಾಕುವವರೊಬ್ಬರು ಚೀಟಿ ಇಲ್ಲದೆ ನಾನೇ ತಂದು ಹಾಕುತ್ತೇನೆ ಅನ್ನುತ್ತಾರೆ. ಹಾಕಿಸಬಹುದಾ? ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು? ಬಾವು ಬಂದ ತೊಟ್ಟು ಬಿಟ್ಟು ಉಳಿದ ಮೂರರ ಹಾಲು ಹಾಕಬಹುದಲ್ಲವಾ? ಕೋಳಿ ಫಾರಂಗಳಲ್ಲಿ ಮೇವಿನಲ್ಲೇ ಔಷಧಿ ಬೆರೆಸುತ್ತಾರಂತೆ, ಈ ರೂಲ್ಸ್ ಎಲ್ಲ ನಮ್ಮಂಥವರಿಗೆ ಮಾತ್ರಾನಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಅಂಗಡಿಯವರು ಮಾಡಿದ್ದು ಸರಿ. ಹಾಲಿನಲ್ಲಿ ಗಡ್ಡೆ ಬರುತ್ತಿರುವಾಗ, ಹಸು ಕೆಚ್ಚಲು ಮುಟ್ಟಲು ಬಿಡದೆ ಒದೆಯುತ್ತಿರುವಾಗ, ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬರುವುದು ಎಷ್ಟು ಸಂಕಟ ಅಂತ ನನಗೆ ಗೊತ್ತು. ಆದರೂ ಅವರು ಅದೇ ಔಷಧಿ ಕೊಟ್ಟಿದ್ದರೆ ಹಸುವಿಗೆ ಗುಣವಾಗುತ್ತಿತ್ತು ಅಂತ ಹೇಳುವ ಹಾಗಿಲ್ಲ. ಕೆಡುವ ಸಾಧ್ಯತೆಯೂ ಅಷ್ಟೇ ಇತ್ತು.

ನಮ್ಮ ದೇಶದಲ್ಲಿ ಔಷಧಿ ಮಾರಾಟ ನಡೆಯುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಕೆಳಗಿನ 1945ರ ನಿಯಮಗಳ ಪ್ರಕಾರ. ಇದೆಲ್ಲ ಮನುಷ್ಯರ ಔಷಧಿಗೆ, ದನದ ಔಷಧಿಗೆ ಚೀಟಿಯ ಹಂಗಿಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಚೀಟಿ ಹೇಗಿರಬೇಕು ಅಂತ ಹೇಳುವ 65ನೇ ನಿಯಮದಲ್ಲೇ ಪ್ರಾಣಿಗಳ ಮಾತು ಬರುತ್ತದೆ. ಚೀಟಿ ಬರಹದಲ್ಲಿರಬೇಕು. ಬರೆದವರ ಸಹಿ, ತಾರೀಖು ಇರಬೇಕು. ಔಷಧಿ ಪ್ರಾಣಿಗಾದರೆ ಅದರ ಮಾಲೀಕರ ಹೆಸರು, ವಿಳಾಸ ಇರಬೇಕು. ಒಟ್ಟು ಎಷ್ಟು ಔಷಧಿ ಕೊಡಬೇಕು, ಒಂದು ಸಲಕ್ಕೆ ಎಷ್ಟು ಹಾಕಬೇಕು ಅನ್ನುವುದೂ ಇರಬೇಕು. ಮತ್ತೆ ಕೊಡಬಹುದು ಅಂತ ಡಾಕ್ಟ್ರೇ ಆ ಚೀಟಿಯ ಮೇಲೆ ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ನಿಮ್ಮ ಹಳೇ ಚೀಟಿಯ ಕೆಲಸ ಎರಡು ತಿಂಗಳ ಹಿಂದೆಯೇ ಮುಗಿದಿದೆ. ಹಾಗೇ, ಡಾಕ್ಟ್ರು ಫೋನಿನಲ್ಲಿ ಹೇಳಿದ ಔಷಧಿಯ ಹೆಸರನ್ನು ಅಂಗಡಿಯಲ್ಲಿ ಒಪ್ಪಿಸಿದರೆ ಅದೂ ಚೀಟಿ ಆಗಲ್ಲ.

ಆಂಟಿಬಯೋಟಿಕ್‌ಗಳಲ್ಲಿ ಹೆಚ್ಚಿನವು ಶೆಡ್ಯೂಲ್ ಎಚ್ ಅನ್ನುವ ಪಟ್ಟಿಯಲ್ಲಿವೆ, ಅಂದರೆ ಚೀಟಿ ಇಲ್ಲದೆ ಚಿಲ್ಲರೆ ಮಾರುವಂತಿಲ್ಲ. ಅದಕ್ಕಿಂತ ಬಿಗಿಯಾದ ಇನ್ನೊಂದು ಪಟ್ಟಿ ಇದೆ, ಶೆಡ್ಯೂಲ್ ಎಚ್1. ಇದು 2013ರಲ್ಲಿ ಬಂತು, 2014ರ ಮಾರ್ಚ್ 1ರಿಂದ ಜಾರಿಯಾಯಿತು. ಇದರಲ್ಲಿರುವ ಔಷಧಿ ಮಾರಿದರೆ ಅಂಗಡಿಯವರು ಬೇರೆಯೇ ಒಂದು ರಿಜಿಸ್ಟರ್‌ನಲ್ಲಿ ಬರೆದ ಡಾಕ್ಟ್ರ ಹೆಸರು, ವಿಳಾಸ, ಯಾರಿಗೆ ಕೊಟ್ಟದ್ದು, ಯಾವ ಔಷಧಿ, ಎಷ್ಟು ಅನ್ನುವುದನ್ನೆಲ್ಲ ದಾಖಲಿಸಿ, ಆ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಕೆಚ್ಚಲು ಬಾವಿಗೆ ಧಾರಾಳವಾಗಿ ಓಡಾಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದೆಯಲ್ಲ, ಅದು ಇದೇ ಎಚ್1 ಪಟ್ಟಿಯದ್ದು. ಮನೆಯಲ್ಲಿ ಉಳಿದ ಬಾಟಲಿ ಇದ್ದರೆ ತೆಗೆದು ಲೇಬಲ್ ನೋಡಿ. ಪಶುಗಳಿಗೆಂದೇ ಮಾಡಿದ್ದಾದರೆ ಅದರ ಮೇಲೆ ಪ್ರಾಣಿಯ ತಲೆಯ ಚಿತ್ರ, ‘ಮನುಷ್ಯರ ಬಳಕೆಗಲ್ಲ, ಪ್ರಾಣಿ ಚಿಕಿತ್ಸೆಗೆ ಮಾತ್ರ’ ಅನ್ನುವ ಅರ್ಥದ ಸಾಲು ಇರಲೇಬೇಕು. ಅದಿಲ್ಲ ಅಂದರೆ ಮನುಷ್ಯರಿಗಾಗಿ ಮಾಡಿದ ಔಷಧಿಯನ್ನು ಹಸುವಿಗೆ ಹಾಕಿದ್ದಾರೆ ಅಂತಾಯಿತು. ಅದರ ಲೇಬಲ್ಲಿನಲ್ಲಿ ಹಾಲು ಎಷ್ಟು ದಿನ ಬಿಡಬೇಕು ಅನ್ನುವ ಮಾಹಿತಿ ಸಿಗುವುದೇ ಇಲ್ಲ.

ಸರಿ, ಕಾನೂನು ಹಾಗಿದೆ. ಆದರೆ ಅದೇ ಹಸು, ಅದೇ ರೋಗ, ಅದೇ ಔಷಧಿ ಯಾಕೆ ಬೇಡ? ನಿಮ್ಮ ಪ್ರಶ್ನೆಯ ತಿರುಳು ಇದು ಅಂದುಕೊಂಡಿದ್ದೇನೆ.

ಕೆಚ್ಚಲು ಬಾವು ಅನ್ನುವುದು ಹೆಸರು ಒಂದೇ, ಕಾರಣ ಹಲವು. ಸ್ಟ್ರೆಪ್ಟೊಕಾಕಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಪೆನಿಸಿಲಿನ್ ಗುಂಪಿನ ಸಾಮಾನ್ಯ ಔಷಧಿಗೇ ಬಗ್ಗುತ್ತವೆ. ಸ್ಟಫೈಲೊಕಾಕಸ್ ಆರಿಯಸ್ ಅನ್ನುವುದು ಕೆಚ್ಚಲಿನ ಒಳಗೆ ಗಂಟು ಕಟ್ಟಿಕೊಂಡು ಕೂರುತ್ತದೆ, ಔಷಧಿ ಅಲ್ಲಿಗೆ ತಲುಪುವುದೇ ಕಷ್ಟ. ಇಂಥ ಹಸುವಿಗೆ ವಾಸಿಯಾಯಿತು ಅಂತ ಕಂಡರೂ ತಿಂಗಳೆರಡು ತಿಂಗಳಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಗಣಿಯಿಂದ ಬರುವ ಇ. ಕೋಲಿ ಬಾವು ಲಘುವಾಗಿದ್ದಾಗ ಎಷ್ಟೋ ಸಲ ಹಸುವಿನ ಸ್ವಂತ ಶಕ್ತಿಯಿಂದಲೇ ಇಳಿಯುತ್ತದೆ. ಜೋರಾಗಿದ್ದಾಗ ಹಸುವನ್ನೇ ಒಂದೆರಡು ದಿನದಲ್ಲಿ ಕೆಡವಿಬಿಡುತ್ತದೆ, ಆಗ ಆಂಟಿಬಯೋಟಿಕ್ ಜೊತೆ ಡ್ರಿಪ್, ನೋವಿನ ಇಂಜೆಕ್ಷನ್ ಎಲ್ಲ ಬೇಕು. ಇನ್ನು ಶಿಲೀಂಧ್ರದಿಂದ ಬಂದದ್ದಾದರೆ ಯಾವ ಆಂಟಿಬಯೋಟಿಕ್ ಹಾಕಿದರೂ ಪ್ರಯೋಜನವಿಲ್ಲ. ಒಂದೇ ತೊಟ್ಟಿಗೆ ಮೇಲಿಂದ ಮೇಲೆ ಟ್ಯೂಬ್ ಹಾಕಿದ ಹಸುಗಳಲ್ಲಿ, ಟ್ಯೂಬಿನ ತುದಿ ಸ್ವಚ್ಛವಾಗಿರದೆ, ಆ ಮೂಲಕವೇ ಶಿಲೀಂಧ್ರ ಒಳಗೆ ಹೋಗುವುದೂ ಉಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಕೆಂಪಗೆ ಊದಿದ ಕೆಚ್ಚಲೇ. ನಿಮ್ಮ ಹಸುವಿಗೆ ಎರಡೇ ತಿಂಗಳಲ್ಲಿ, ಅದೂ ಬೇರೆ ತೊಟ್ಟಿನಲ್ಲಿ ಬಂದಿದೆ. ಹಳೆಯದೇ ಹಬ್ಬಿತೋ, ಹೊಸದು ಹೊಕ್ಕಿತೋ ಅಂತ ಯಾರಾದರೂ ನೋಡದೆ ಹೇಳಲು ಬರಲ್ಲ.

ಬರೀ ಕೆಚ್ಚಲು ಬಾವಿನ ಕಥೆಯಲ್ಲ ಇದು. ಮೂರು ದಿನದ ಜ್ವರ ಎಲ್ಲರೂ ನೋಡಿರುತ್ತೀರಿ. ಹಸು ಮೈ ಬಿಸಿಯಾಗಿ, ಕಾಲು ಕುಂಟುತ್ತಾ, ಮೇವು ಬಿಟ್ಟು ನಿಲ್ಲುತ್ತದೆ. ಅದು ವೈರಸ್ಸಿನ ಜ್ವರ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡಲ್ಲ. ಹೆಸರೇ ಹೇಳುವ ಹಾಗೆ ಹೆಚ್ಚಿನ ಹಸುಗಳು ಮೂರು ದಿನದಲ್ಲಿ ತಾವಾಗಿಯೇ ಎದ್ದು ಮೇಯುತ್ತವೆ. ಎರಡನೇ ದಿನ ಯಾರೋ ಬಂದು ಒಂದು ಆಂಟಿಬಯೋಟಿಕ್ ಚುಚ್ಚಿರುತ್ತಾರೆ, ಮೂರನೇ ದಿನ ಹಸು ಎದ್ದಾಗ ಇಂಜೆಕ್ಷನ್ನಿಗೆ ಹೆಸರು. ಚರ್ಮಗಂಟು ರೋಗ, ಕಾಲುಬಾಯಿ ಜ್ವರ ಎರಡೂ ವೈರಸ್ಸೇ. ಹುಣ್ಣುಗಳಿಗೆ ಆಮೇಲೆ ಕೀವು ಸೇರಿಕೊಂಡಾಗ ಮಾತ್ರ ಆಂಟಿಬಯೋಟಿಕ್‌ಗೆ ಕೆಲಸ. ಕರು ಹಾಕಿದ ಮರುದಿನ ಮಲಗಿದ ಹಸುವಿಗೆ ಹಾಲು ಜ್ವರ ಅನ್ನುತ್ತೇವೆ, ಅದು ಜ್ವರವೇ ಅಲ್ಲ, ಕ್ಯಾಲ್ಸಿಯಂ ಕಮ್ಮಿಯಾದದ್ದು. ಅಲ್ಲಿ ಆಂಟಿಬಯೋಟಿಕ್ ಹಾಕಿಕೊಂಡು ಹೊತ್ತು ಕಳೆದರೆ ಹಸು ಕೈತಪ್ಪುತ್ತದೆ. ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರಕ್ಕೆ ಬೇರೆಯೇ ಔಷಧಿ. ಹೀಗಿರುವಾಗ ‘ಜ್ವರಕ್ಕೊಂದು ಆಂಟಿಬಯೋಟಿಕ್ ಕೊಡಿ’ ಅಂತ ಅಂಗಡಿಯಲ್ಲಿ ಕೇಳುವುದು ಎಷ್ಟು ಸರಿ?

ಇನ್ನು ಊರಿನಲ್ಲಿ ಇಂಜೆಕ್ಷನ್ ಹಾಕುವವರ ವಿಷಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹನ್ನೊಂದಕ್ಕೆ ಕರೆದರೂ ಬರುವವರು ಅವರೇ ಅಂತ ನೀವು ಹೇಳುತ್ತೀರಿ, ಅದು ನಿಜ. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಶುಗಳಿಗೆ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವ ಸಿಬ್ಬಂದಿಗೆ ಸಣ್ಣಪುಟ್ಟ ಸೇವೆಗಳಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು, ಅದೂ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ. ಲಸಿಕೆ ಹಾಕುವುದು, ಗಾಯ ಕಟ್ಟುವುದು ಇಂಥವು. ಡಾಕ್ಟ್ರು ಚೀಟಿ ಬರೆದು, ಮುಂದಿನ ದಿನಗಳ ಇಂಜೆಕ್ಷನ್ ಇವರ ಕೈಲಿ ಹಾಕಿಸಿಕೊಳ್ಳಿ ಅಂತ ಹೇಳಿದರೆ ಧಾರಾಳವಾಗಿ ಹಾಕಿಸಿ. ಯಾವ ಔಷಧಿ ಅಂತ ತೀರ್ಮಾನ ಮಾಡುವುದು ಮಾತ್ರ ಅವರ ಕೆಲಸವಲ್ಲ. ಕೃತಕ ಗರ್ಭಧಾರಣೆ ಮಾಡುವವರಿಗೂ ಅದೇ ಮಾತು. ಅವರು ಎಲ್ಲಿಂದ ಔಷಧಿ ತರುತ್ತಾರೆ ಅನ್ನುವುದನ್ನೂ ಕೇಳಿ. ಲೈಸೆನ್ಸ್ ಇಲ್ಲದ ಕಡೆ ಕೊಂಡ ಬಾಟಲಿ ಅಸಲಿಯೋ, ಬಿಸಿಲಲ್ಲಿ ಎಷ್ಟು ದಿನ ಬಿದ್ದಿತ್ತೋ ಅಂತ ಕೇಳಲು ಬಿಲ್ಲು ಕೂಡ ಇರಲ್ಲ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಇಂಜೆಕ್ಷನ್ ಎಷ್ಟು ದಿನ ಹಾಕುತ್ತಾರೆ ಅನ್ನುವುದರ ಬಗ್ಗೆ. ಹಳ್ಳಿಯಲ್ಲಿ ಒಂದು ದಿನ ಹಾಕುತ್ತಾರೆ, ಹಾಲು ಸ್ವಲ್ಪ ತಿಳಿಯಾದರೆ ಅಲ್ಲಿಗೆ ನಿಲ್ಲಿಸುತ್ತಾರೆ, ಆಗದಿದ್ದರೆ ಮರುದಿನ ‘ಪವರ್ ಜಾಸ್ತಿ’ ಇರುವ ಇನ್ನೊಂದು. ಮೂರು ದಿನದಲ್ಲಿ ಮೂರು ಔಷಧಿ, ಯಾವುದೂ ಪೂರ್ತಿಯಲ್ಲ. ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ ಸತ್ತು, ಸ್ವಲ್ಪ ತಡೆದುಕೊಳ್ಳುವ ಶಕ್ತಿ ಇರುವುವು ಉಳಿದುಕೊಂಡು, ಅವೇ ಬೆಳೆದು ಕೆಚ್ಚಲು ತುಂಬಿಕೊಳ್ಳುವುದು ಹೀಗೆಯೇ. ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಗುಣ ಇದೆ. ಔಷಧಿಯನ್ನು ಎದುರಿಸುವ ಜೀನನ್ನು ಒಂದರಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೂ, ದಾಟಿಸಿಕೊಳ್ಳುತ್ತವೆ. ಕೊಟ್ಟಿಗೆಯ ಗಂಜಲದಲ್ಲಿ, ತಿಪ್ಪೆಯಲ್ಲಿ, ಹಾಲು ಕರೆಯುವವರ ಕೈಯಲ್ಲಿ ಅವು ಓಡಾಡುತ್ತವೆ. ಸೆಫ್ಟ್ರಿಯಾಕ್ಸೋನ್ ಗುಂಪಿನ ಔಷಧಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ಚಿಕಿತ್ಸೆಗೆ ಅತ್ಯಂತ ಮುಖ್ಯವಾದ ಸಾಲಿನಲ್ಲಿ ಇಟ್ಟಿದೆ. ನಿಮ್ಮ ಮನೆಯಲ್ಲೇ ಯಾರಿಗಾದರೂ ರಕ್ತದ ಸೋಂಕು ಆಗಿ ಆಸ್ಪತ್ರೆಗೆ ಸೇರಿದರೆ ಕೊಡುವ ಔಷಧಿ ಅದು. ಹಳೆಯ ಪೆನಿಸಿಲಿನ್ ಸಾಕಾಗುವ ಕಡೆ ಅದನ್ನು ಹಾಕಿ ಹಾಳು ಮಾಡಿಕೊಂಡರೆ ಆಮೇಲೆ ಏನು ಉಳಿಯುತ್ತದೆ ಹೇಳಿ.

ಹಾಗಾಗಿ ಚೀಟಿ ಬರೆಸಿಕೊಳ್ಳುವಾಗ ಪೂರ್ತಿ ಬರೆಸಿಕೊಳ್ಳಿ. ನಾನು ನೋಡುವ ಎಷ್ಟೋ ಚೀಟಿಗಳಲ್ಲಿ ಔಷಧಿಯ ಬ್ರ್ಯಾಂಡ್ ಹೆಸರು, ಪಕ್ಕದಲ್ಲಿ ‘3 ಬಾಟಲಿ’ ಅಂತ ಇರುತ್ತದೆ, ಅಷ್ಟೇ. ಇದು ನಮ್ಮ ವೃತ್ತಿಯವರ ತಪ್ಪು, ಇದನ್ನು ಒಪ್ಪಿಕೊಳ್ಳಬೇಕು. ಒಂದು ಒಳ್ಳೆಯ ಚೀಟಿಯಲ್ಲಿ ನಿಮ್ಮ ಹೆಸರು, ಊರು, ಹಸುವಿನ ಕಿವಿಯೋಲೆ ನಂಬರು, ಅಂದಾಜು ತೂಕ, ಏನು ಕಾಯಿಲೆ ಅಂತ ಅನುಮಾನ, ಔಷಧಿಯ ಹೆಸರು, ದಿನಕ್ಕೆ ಎಷ್ಟು, ಎಲ್ಲಿ ಹಾಕಬೇಕು, ಎಷ್ಟು ದಿನ, ಕೊನೆಗೆ ‘ಇಂಥ ತಾರೀಖಿನವರೆಗೆ ಹಾಲು ಹಾಕಬೇಡಿ’ ಅನ್ನುವ ಸಾಲು ಇರುತ್ತದೆ. ಎಲ್ಲವೂ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಆದರೆ ರೈತರಿಗೆ ಬೇಕಾದ್ದು ಈ ಕೊನೆಯ ಎರಡು, ಎಷ್ಟು ದಿನ ಮತ್ತು ಹಾಲಿನ ತಾರೀಖು. ಡಾಕ್ಟ್ರು ಬರೆಯದಿದ್ದರೆ ‘ಸಾರ್, ಇದೊಂದು ಬರೆದುಕೊಡಿ’ ಅಂತ ಕೇಳಿ. ಕೇಳಿದರೆ ಯಾರೂ ಇಲ್ಲ ಅನ್ನಲ್ಲ.

ಈಗ ಹಾಲಿಗೆ ಬರೋಣ. 2012ರ ಜನವರಿಯಲ್ಲಿ ಆ 1945ರ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧಿಯ ಲೇಬಲ್ ಮೇಲೆ, ಔಷಧಿ ನಿಲ್ಲಿಸಿದ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರಬೇಕು. ಪರೀಕ್ಷೆ ಮಾಡಿ ಖಚಿತಪಡಿಸಿದ ಅವಧಿ ಇಲ್ಲದಿದ್ದರೆ ಹಾಲಿಗೆ, ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ದನ, ಕುರಿ, ಮೇಕೆ, ಹಂದಿ ಮಾಂಸಕ್ಕೆ ಕನಿಷ್ಠ 28 ದಿನ. ಲೆಕ್ಕ ಶುರುವಾಗುವುದು ಕೊನೆಯ ಡೋಸ್ ಹಾಕಿದ ಹೊತ್ತಿನಿಂದ, ಮೊದಲ ದಿನದಿಂದ ಅಲ್ಲ. ಸೋಮವಾರ ಶುರು ಮಾಡಿ ಬುಧವಾರ ಬೆಳಗ್ಗೆ ಕೊನೆಯ ಟ್ಯೂಬ್ ಹಾಕಿದಿರಿ, ಲೇಬಲ್ 7 ದಿನ ಅನ್ನುತ್ತದೆ ಅಂದರೆ ಮುಂದಿನ ಬುಧವಾರ ಬೆಳಗ್ಗೆಯ ತನಕ ಹಾಲು ಕ್ಯಾನಿಗೆ ಬೀಳಬಾರದು. ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಡೋಸ್ ಹಾಕಿದ್ದರೆ ಇನ್ನೂ ಜಾಸ್ತಿ ದಿನ ಬೇಕಾಗಬಹುದು, ಅದನ್ನು ಡಾಕ್ಟ್ರನ್ನೇ ಕೇಳಿ. ಹಾಲು ಬತ್ತಿಸುವಾಗ ಹಾಕುವ ಟ್ಯೂಬ್ ಬೇರೆ ಇರುತ್ತದೆ, ಅದರ ಔಷಧಿ ವಾರಗಟ್ಟಲೆ ಕೆಚ್ಚಲಲ್ಲಿ ಉಳಿಯಲಿ ಅಂತಲೇ ಮಾಡಿರುತ್ತಾರೆ. ಅದನ್ನು ಕರೆಯುವ ಹಸುವಿಗೆ ಹಾಕಲೇಬೇಡಿ.

ಉಳಿದ ಮೂರು ತೊಟ್ಟಿನ ಹಾಲು? ಬೇಡ. ಇಂಜೆಕ್ಷನ್ ಹಾಕಿದರೆ ಔಷಧಿ ರಕ್ತದ ಮೂಲಕ ನಾಲ್ಕೂ ತೊಟ್ಟಿಗೆ ಬರುತ್ತದೆ. ಟ್ಯೂಬ್ ಒಂದೇ ತೊಟ್ಟಿಗೆ ಹಾಕಿದರೂ ಸ್ವಲ್ಪ ರಕ್ತಕ್ಕೆ ಸೇರಿ ಉಳಿದ ತೊಟ್ಟುಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕರೆಯುವ ಕೈಯಿಂದಲೂ ಹತ್ತುತ್ತದೆ. ಸ್ವಲ್ಪ ತಾನೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹಾಲಿನಲ್ಲಿ ಪೆನಿಸಿಲಿನ್ ಲೀಟರಿಗೆ 4 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ಆಹಾರ ಮಾನದಂಡ, ಕೋಡೆಕ್ಸ್ ಅನ್ನುತ್ತಾರೆ. ಒಂದು ಮಿಲಿಗ್ರಾಂ ಅಂದರೆ 1,000 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಮಿಲಿಗ್ರಾಂ ಪೆನಿಸಿಲಿನ್ ಬಿದ್ದರೆ 250 ಲೀಟರ್ ಹಾಲು ಮಿತಿಗೆ ಬಂದು ನಿಲ್ಲುತ್ತದೆ. ಒಂದು ಟ್ಯೂಬಿನಲ್ಲಿ ಇರುವುದು ಹತ್ತಾರು, ನೂರಾರು ಮಿಲಿಗ್ರಾಂ. ನಿಮ್ಮೊಬ್ಬರ ಹಸುವಿನ ಒಂದು ಹೊತ್ತಿನ ಹಾಲು ಸಂಘದ ಇಡೀ ಕೂಲರ್ ಹಾಲನ್ನು ಕೆಡಿಸಬಲ್ಲದು, ಅದರಲ್ಲಿ ನಿಮ್ಮ ಊರಿನವರದ್ದೆಲ್ಲ ಇರುತ್ತದೆ.

ಕಾಯಿಸಿದರೆ ಹೋಗಲ್ಲವಾ ಅಂತ ಕೇಳುವವರು ಬಹಳ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಯ ಅಂಶ ಬಹುಪಾಲು ಹಾಗೇ ಉಳಿಯುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಮೈಯೆಲ್ಲ ದದ್ದು ಏಳಬಹುದು. ಡೇರಿಗಳು ಗಲಾಟೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊಸರು ಹೆಪ್ಪು ಹಾಕುವುದು ಕೂಡ ಬ್ಯಾಕ್ಟೀರಿಯಾವೇ ಅಲ್ವಾ? ಔಷಧಿ ಇರುವ ಹಾಲಿಗೆ ಹೆಪ್ಪು ಹಾಕಿದರೆ ಅದು ಸರಿಯಾಗಿ ಕೂರಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಸ್ಯಾಂಪಲ್ ಪರೀಕ್ಷಿಸಿದಾಗ 77ರಲ್ಲಿ ಆಂಟಿಬಯೋಟಿಕ್ ಅಂಶ ಮಿತಿಗಿಂತ ಜಾಸ್ತಿ ಇತ್ತು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಮೇಲೆ. ಭಯ ಬೀಳುವಂಥ ಸಂಖ್ಯೆ ಅಲ್ಲ, ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ, ಯಾಕೆಂದರೆ ಆ ಹಾಲನ್ನು ಕುಡಿಯುವವರಲ್ಲಿ ಚಿಕ್ಕ ಮಕ್ಕಳೂ ಇರುತ್ತಾರೆ. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದೂ ಬೇಡ. ಕರುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ದಿನಾ ಚೂರು ಚೂರು ಔಷಧಿ ಸಿಕ್ಕಿ, ಅವು ಪಳಗಿ ಆ ಔಷಧಿಗೆ ಬಗ್ಗದಂತಾಗುತ್ತವೆ. ಬಾವಿ, ಕೆರೆ, ಕೊಟ್ಟಿಗೆಯಿಂದ ದೂರ ಗುಂಡಿ ತೋಡಿ ಸುರಿಯಿರಿ. ಹೊಟ್ಟೆ ಉರಿಯುತ್ತದೆ, ನಿಜ. ದಿನಕ್ಕೆ ಹತ್ತು ಲೀಟರ್ ಕೊಡುವ ಹಸು ಅಂದರೆ ಚಿಕಿತ್ಸೆಯ ದಿನಗಳೂ ಸೇರಿ ನೂರು ಲೀಟರ್ ಹತ್ತಿರ ಹೋಗುತ್ತದೆ. ನನ್ನ ಕೇಳಿದರೆ ಹೀಗೆ ಪ್ರಾಮಾಣಿಕವಾಗಿ ಹಾಲು ಬಿಟ್ಟವರಿಗೆ ಒಕ್ಕೂಟಗಳು ಒಂದಷ್ಟು ಪರಿಹಾರ ಕೊಡಬೇಕು. ನಷ್ಟವನ್ನೆಲ್ಲ ರೈತರ ತಲೆಗೇ ಕಟ್ಟಿ ಸತ್ಯ ಹೇಳಿ ಅಂದರೆ ಎಷ್ಟು ಜನ ಹೇಳುತ್ತಾರೆ?

ಕೋಳಿ ಫಾರಂ ಬಗ್ಗೆ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಚೀಟಿಯ ನಿಯಮ ಅವರಿಗೂ ಇದೆ, ಆದರೆ ಬಿಗಿ ಕಮ್ಮಿ. ದನಕ್ಕೆ ಒಂದೊಂದಾಗಿ ಇಂಜೆಕ್ಷನ್ ಹಾಕುತ್ತೇವೆ, ಕೋಳಿಗೆ ನೀರಿನಲ್ಲಿ, ಮೇವಿನಲ್ಲಿ ಒಟ್ಟಿಗೇ ಬೆರೆಸಬೇಕು. ಕಾಯಿಲೆ ಬಂದಾಗ ಬೆರೆಸಿದರೆ ಅದು ಚಿಕಿತ್ಸೆ. ಕಾಯಿಲೆ ಇಲ್ಲದೆಯೂ ಬೇಗ ತೂಕ ಬರಲಿ ಅಂತ ಸಣ್ಣ ಪ್ರಮಾಣದಲ್ಲಿ ದಿನಾ ಬೆರೆಸುವುದೇ ದೊಡ್ಡ ತೊಂದರೆ, ಬ್ಯಾಕ್ಟೀರಿಯಾಗಳು ಪಳಗಲು ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಕೊಲಿಸ್ಟಿನ್ ಕಥೆ ಇದಕ್ಕೆ ಸಾಕ್ಷಿ. ಬೇರೆ ಯಾವ ಔಷಧಿಯೂ ಕೆಲಸ ಮಾಡದ ರೋಗಿಗೆ ಐಸಿಯುನಲ್ಲಿ ಕೊನೆಗೆ ಹಾಕುವ ಔಷಧಿ ಅದು. ಅದನ್ನೇ ಕೋಳಿ, ಹಂದಿಗಳ ಮೇವಿಗೆ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ಸಂಶೋಧಕರು ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಅನ್ನುವ ಜೀನನ್ನು ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಕಂಡರು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ಜೀನ್ ಅದು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು, ಮೇವು ಎಲ್ಲದಕ್ಕೂ ಕೊಲಿಸ್ಟಿನ್ ತಯಾರಿಕೆ, ಮಾರಾಟ, ವಿತರಣೆಯನ್ನು ನಿಷೇಧಿಸಿತು. 2025ರ ಮಾರ್ಚ್‌ನಲ್ಲಿ ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಅನ್ನುವ ಆಂಟಿಬಯೋಟಿಕ್‌ಗಳಿಗೂ ಅದೇ ಗತಿಯಾಯಿತು. ಇವುಗಳಿಗೆ ಯಾರ ಚೀಟಿಯೂ ನಡೆಯಲ್ಲ. ಯಾರಾದರೂ ಬರೆದುಕೊಟ್ಟರೂ ಹಾಕಬೇಡಿ.

ಬ್ರಾಯ್ಲರ್ ಸಾಕುವ ನೆಂಟರಿದ್ದರೆ ಅವರಿಗೆ ಈ ಲೆಕ್ಕ ಹೇಳಿ. ಕೋಳಿ ಮಾರುವುದು ಸುಮಾರು 40 ದಿನಕ್ಕೆ. ಲೇಬಲ್ಲಿನಲ್ಲಿ ಖಚಿತ ಅವಧಿ ಇಲ್ಲದ ಔಷಧಿಗೆ 28 ದಿನ ಬಿಡಬೇಕು. ಅಂದರೆ 12ನೇ ದಿನದ ಮೇಲೆ ಅಂಥ ಔಷಧಿ ಹಾಕಿದರೆ ಆ ಬ್ಯಾಚ್ ಹೊತ್ತಿಗೆ ಸರಿಯಾಗಿ ಮಾರುವಂತಿಲ್ಲ. ಎಷ್ಟು ಕಡೆ ಇದನ್ನು ಪಾಲಿಸುತ್ತಾರೆ ಅಂತ ನೀವೇ ಊಹಿಸಿ. ಕರಾವಳಿಯಲ್ಲಿ ಮೀನು ಸಾಕುವವರಿಗೆ ನಿಯಮ ಇನ್ನೂ ಬೇರೆ, 500 ಡಿಗ್ರಿ ದಿನ ಅನ್ನುತ್ತಾರೆ, ಅಂದರೆ ನೀರಿನ ಉಷ್ಣತೆಯನ್ನು ಕಾಯುವ ದಿನಗಳಿಂದ ಗುಣಿಸಿದರೆ 500 ಆಗಬೇಕು. ನೀರಿನ ಸರಾಸರಿ ಉಷ್ಣತೆ 25 ಡಿಗ್ರಿ ಇದ್ದರೆ 20 ದಿನ ಕಾಯಬೇಕು. ನೀರು ತಣ್ಣಗಿದ್ದಷ್ಟೂ ದಿನ ಜಾಸ್ತಿ.

ನಮ್ಮ ನಿಯಮದಲ್ಲಿ ನನಗೆ ಕಾಣುವ ಕೊರತೆ ಹೇಳಲೇಬೇಕು. ಅದು ಅಂಗಡಿಯ ಕೌಂಟರ್ ಕಾಯುತ್ತದೆ, ಕೊಟ್ಟಿಗೆಯನ್ನಲ್ಲ. ಯುರೋಪಿನಲ್ಲಿ 2022ರ ಜನವರಿ 28ರಿಂದ ಜಾರಿಯಲ್ಲಿರುವ ಕಾನೂನು, ಪಶುವೈದ್ಯರು ಪ್ರಾಣಿಯನ್ನು ಪರೀಕ್ಷಿಸಿ ಅಥವಾ ಸರಿಯಾಗಿ ಅಂದಾಜು ಮಾಡಿಯೇ ಚೀಟಿ ಬರೆಯಬೇಕು ಅನ್ನುತ್ತದೆ. ಆ ಚೀಟಿಗೆ ಐದೇ ದಿನ ಆಯುಷ್ಯ. ಕಾಯಿಲೆ ಬರದಿರಲಿ ಅಂತ ಇಡೀ ಹಿಂಡಿಗೆ ಮಾಮೂಲಾಗಿ ಕೊಡುವಂತಿಲ್ಲ. ಸ್ವೀಡನ್ 1986ರಲ್ಲೇ ತೂಕಕ್ಕಾಗಿ ಆಂಟಿಬಯೋಟಿಕ್ ಕೊಡುವುದನ್ನು ನಿಲ್ಲಿಸಿತ್ತು. ಅಮೆರಿಕದಲ್ಲೂ ರೈತರ ಸಾಮಾನಿನ ಅಂಗಡಿಗಳಲ್ಲಿ ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಕೈಗೆ ಸಿಗುತ್ತಿತ್ತು, 2023ರ ಜೂನ್ 11ರಿಂದ ಅದಕ್ಕೂ ಚೀಟಿ ಬೇಕು. ಆದರೆ ಅಲ್ಲಿಯ ನಿಯಮವನ್ನು ಹಾಗೇ ತಂದು ಇಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಐದು ದಿನದ ಚೀಟಿ ಅನ್ನಬೇಕಾದರೆ ಐದು ದಿನದೊಳಗೆ ಡಾಕ್ಟ್ರು ಸಿಗಬೇಕಲ್ಲ. ಡಾಕ್ಟ್ರ ಹುದ್ದೆ ಖಾಲಿ ಇಟ್ಟು ಚೀಟಿ ಕೇಳುವುದು ರೈತರಿಗೆ ಮಾಡುವ ಅನ್ಯಾಯ.

ಕೌಂಟರ್ ಮಾತ್ರ ಕಾದರೆ ಏನಾಗುತ್ತದೆ ಅನ್ನುವುದಕ್ಕೆ ಆಂಟಿಬಯೋಟಿಕ್ ಅಲ್ಲದ ಒಂದು ಔಷಧಿಯ ಉದಾಹರಣೆ ಇದೆ. ಡೈಕ್ಲೊಫೆನಾಕ್ ಅನ್ನುವ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿ ದನಗಳಿಗೇ ಹೋಗುತ್ತಿತ್ತು. ಕೊನೆಗೆ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೇ 3 ಎಂಎಲ್‌ನ ಒಂಟಿ ಡೋಸಿಗೆ ಇಳಿಸಬೇಕಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳನ್ನು ಕಂಡಾಗ ಈ ಒಂಬತ್ತು ವರ್ಷದ ವಿಳಂಬ ನನಗೆ ನೆನಪಾಗುತ್ತದೆ. ಮನುಷ್ಯರ ಸೆಫ್ಟ್ರಿಯಾಕ್ಸೋನ್ ಬಾಟಲಿ ಕೊಟ್ಟಿಗೆಗೆ ಬರುವ ದಾರಿಯೂ ಅದೇ.

ಸರಿ, ನಿಮ್ಮ ಹಸುವಿಗೆ ಈಗ ಏನು ಮಾಡಬೇಕು? ಜ್ವರ ಇದ್ದರೆ, ಮೇವು ಬಿಟ್ಟಿದ್ದರೆ, ಹಾಲು ನೀರಿನಂತೆ ಅಥವಾ ರಕ್ತ ಮಿಶ್ರವಾಗಿ ಬರುತ್ತಿದ್ದರೆ ಕಾಯಬೇಡಿ, ಇವತ್ತೇ ಪಶು ಆಸ್ಪತ್ರೆಗೆ ಹೇಳಿ ಅಥವಾ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲಿ ಡಾಕ್ಟ್ರು ಇರುತ್ತಾರೆ, ಅವರು ಬರೆದ ಚೀಟಿ ನಡೆಯುತ್ತದೆ. ನಿಮ್ಮ ಹಾಲು ಒಕ್ಕೂಟದ ಪಶುವೈದ್ಯರನ್ನು ಸಂಘದ ಕಾರ್ಯದರ್ಶಿಯ ಮೂಲಕ ಕರೆಸಬಹುದು. ಹಸು ಲವಲವಿಕೆಯಿಂದ ಇದ್ದು ಬರೀ ಹಾಲಿನಲ್ಲಿ ಸ್ವಲ್ಪ ಗಡ್ಡೆ ಇದ್ದರೆ, ಡಾಕ್ಟ್ರು ಬರುವ ತನಕ ಆ ತೊಟ್ಟನ್ನು ದಿನಕ್ಕೆ ನಾಲ್ಕೈದು ಸಲ ಪೂರ್ತಿ ಹಿಂಡಿ ಚೆಲ್ಲಿ, ನೆಲಕ್ಕೆ ಮಾತ್ರ ಬಿಡಬೇಡಿ, ಪಾತ್ರೆಗೆ ಹಿಂಡಿ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ, ನೀರು ಸೇರಿಸಿ ತೆಳ್ಳಗೆ ಮಾಡಿಕೊಂಡು ದಿನಕ್ಕೆ ಹಲವು ಸಲ ಕೆಚ್ಚಲಿಗೆ ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ. ಶುರುವಿನ ಹಂತದಲ್ಲಿ ಹಚ್ಚಿ ನೋಡಬಹುದು, ಆದರೆ ಡಾಕ್ಟ್ರನ್ನು ಕರೆಯುವುದನ್ನು ಅದಕ್ಕಾಗಿ ಮುಂದೂಡಬೇಡಿ.

ಎರಡನೇ ಸಲ ಬಂದಿರುವುದರಿಂದ ಹಾಲಿನ ಪರೀಕ್ಷೆ ಮಾಡಿಸಲೇಬೇಕು ಅನ್ನುತ್ತೇನೆ. ಯಾವುದೇ ಆಂಟಿಬಯೋಟಿಕ್ ಹಾಕುವ ಮೊದಲು ಸ್ಯಾಂಪಲ್ ತೆಗೆಯಬೇಕು, ಹಾಕಿದ ಮೇಲೆ ತೆಗೆದರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಹೋಗಬಹುದು. ಕೈ ಸೋಪಿನಲ್ಲಿ ತೊಳೆದು, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ನಾಲ್ಕೈದು ಸೆಳೆ ಬಿಟ್ಟು, ಆಸ್ಪತ್ರೆಯಿಂದ ತಂದ ಸ್ಟೆರೈಲ್ ಬಾಟಲಿಗೆ ಹಿಂಡಿ ಮುಚ್ಚಳ ಹಾಕಿ. ಬಾಟಲಿಯ ಬಾಯಿ ತೊಟ್ಟಿಗೆ ತಾಗಬಾರದು. ಐಸ್ ಇಟ್ಟು ಅವತ್ತೇ ತಲುಪಿಸಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಹಸು ಜೋರಾಗಿ ನರಳುತ್ತಿದ್ದರೆ ಡಾಕ್ಟ್ರು ಅಂದಾಜಿನ ಮೇಲೆ ಔಷಧಿ ಶುರು ಮಾಡಿ, ರಿಪೋರ್ಟ್ ಬಂದ ಮೇಲೆ ಬೇಕಾದರೆ ಬದಲಾಯಿಸುತ್ತಾರೆ. ಈ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಕರೆದ ಮೇಲೆ ನಾಲ್ಕೂ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ತೊಟ್ಟಿನ ರಂಧ್ರ ಮುಚ್ಚಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಅದು ಮಲಗದೆ ನಿಂತಿರಬೇಕು.

ಮೊದಲ ಡೋಸ್ ಬಿದ್ದ ದಿನವೇ ಸಂಘದ ಕಾರ್ಯದರ್ಶಿಗೆ ಹಸುವಿನ ಕಿವಿಯೋಲೆ ನಂಬರು, ಔಷಧಿಯ ಹೆಸರು ಹೇಳಿ, ಎಷ್ಟು ದಿನದ ಕೋರ್ಸ್ ಅನ್ನುವುದನ್ನೂ ತಿಳಿಸಿ. ಕೋರ್ಸ್ ಮುಗಿದ ದಿನ ಹಾಲು ಶುರು ಮಾಡುವ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ, ನೀವಿಲ್ಲದ ದಿನ ಮನೆಯಲ್ಲಿ ಬೇರೆ ಯಾರಾದರೂ ಕರೆಯಬೇಕಾಗುತ್ತದೆ. ಬಾಟಲಿಯಲ್ಲಿ ಔಷಧಿ ಉಳಿದರೆ ಇನ್ನೊಂದು ಹಸುವಿಗೆ ಅಂತ ಎತ್ತಿಡಬೇಡಿ. ಲ್ಯಾಬಿನ ರಿಪೋರ್ಟ್ ಬಂದ ಮೇಲೆ ಅದರಲ್ಲಿ ಏನಿದೆ ಅಂತ ನನಗೂ ಬರೆಯಿರಿ, ಉಳಿದ ಮೂರು ಹಸುಗಳನ್ನು ಪರೀಕ್ಷೆ ಮಾಡಿಸಬೇಕಾ ಅನ್ನುವುದು ಅದರ ಮೇಲೆ ನಿಂತಿದೆ.